ಅಂದು ನೀರು ಬಂದಿದ್ದಕ್ಕೆ ನಾವು ಹೊಣೆಯಲ್ಲ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಇದು ಇಬ್ಬರ ಸ್ವಂತ ವಿಷಯ. ಅವರನ್ನು ಕೇಳದೆ ಹೇಳುವುದು ಸರಿಯೋ ತಪ್ಪೋ ಎಂದು ನಾಲ್ಕು ಸಲ ಯೋಚಿಸಿದರೂ ತೀರ್ಮಾನವಾಗಲಿಲ್ಲ. ಹೇಳುವ ರೀತಿಯಲ್ಲಿ ಕುಂದು ಕಂಡರೆ ಅದು ಹೇಳಿದವರದು, ಅವರದಲ್ಲ. ಹೇಳದೆ ಸುಮ್ಮನಿರಲೂ ಆಗಲಿಲ್ಲ... ಅಷ್ಟೆ.

ಆ ಸೋಮವಾರ ಬೆಳಿಗ್ಗೆ ಅವಳು ಬೈಂಡಿಂಗ್ ಅಂಗಡಿಯ ಪಕ್ಕದ ಮರದ ಮೆಟ್ಟಿಲ ಕೆಳಗೆ ನಿಂತಿದ್ದಳು. ಕೈಯಲ್ಲಿ ನಾಲ್ಕಾಗಿ ಮಡಚಿದ ಹಸಿರು ಕಾಗದ. ಬಸ್ಸಿನಲ್ಲಿ ಬರುವಾಗ ಮೂರು ಮಾತು ಕಟ್ಟಿಕೊಂಡಿದ್ದಳು. ಎರಡನೆಯದು ಆಗಲೇ ಮರೆತುಹೋಗಿತ್ತು.

'ಹೋಗಲೋ, ಬೇಡವೋ?' ಒಂದು ಮೆಟ್ಟಿಲು ಹತ್ತಿದಳು, ಇಳಿದಳು. ಚೀಲದ ಜಿಪ್ ಎಳೆದು ನೋಡಿದಳು. ಹಾಕಿಯೇ ಇತ್ತು. ಕೊನೆಗೆ ಉಸಿರು ಬಿಗಿಹಿಡಿದು ಒಂದೇ ಓಟಕ್ಕೆ ಹತ್ತಿಬಿಟ್ಟಳು.

ಮೇಲೆ ಒಂದೇ ಕೋಣೆ. ಕೆಳಗಿನ ಅಂಗಡಿಯ ಗೋಂದಿನ ವಾಸನೆ ಹಲಗೆಗಳ ಸಂದಿನಿಂದ ಮೇಲಕ್ಕೆ ಬರುತ್ತಿತ್ತು. ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಕಾಗದದ ಚೀಟಿಗಳನ್ನು ಸಿಕ್ಕಿಸಿದ್ದರು. ಒಬ್ಬ ಗಂಡಸು ಹಲ್ಲಿನಲ್ಲಿ ಕ್ಲಿಪ್ ಕಚ್ಚಿಕೊಂಡು, ಬೆನ್ನು ಹಾಕಿ ನಿಂತಿದ್ದ.

"ಇದನ್ನ ಅಚ್ಚು ಹಾಕಿದ್ದು ಯಾರು?"

ಅವನು ತಿರುಗಿದ. ಹಸಿರು ಕಾಗದ ನೋಡಿದ. ಅವಳ ಕೊರಳಿನ ಗುರುತಿನ ಚೀಟಿಯಲ್ಲಿದ್ದ ಹುದ್ದೆಯನ್ನು ಓದಿದ. ಬಾಯಿಂದ ಕ್ಲಿಪ್ ಕೆಳಗೆ ಬಿತ್ತು.

"ನೀವೇನಾ?" ಅವನ ಕಣ್ಣುಗಳು ಅರಳಿದವು. "ಇದನ್ನ ಬರೆದವರು ನೀವೇನಾ? ಕೂತ್ಕೊಳ್ಳಿ... ದಯವಿಟ್ಟು ಕೂತ್ಕೊಳ್ಳಿ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಇಂಥ ಒಂದು ಸಾಲು ನನಗೆ ಬರಲಿಲ್ಲ."

ಅವಳ ಕಿವಿ ಬಿಸಿಯಾಯಿತು. ಶನಿವಾರದಿಂದ ಅಣಕಗಳನ್ನು ಕೇಳಿ ಕೇಳಿ ಸಾಕಾಗಿತ್ತು. ಆದರೆ ಎದುರಿಗೇ ನಿಂತು, ಕುರ್ಚಿ ಒರೆಸಿ ಕೊಟ್ಟು, ಇಷ್ಟು ಮರ್ಯಾದೆಯಿಂದ ಅಣಕಿಸುವವರನ್ನು ಇದೇ ಮೊದಲು ನೋಡಿದ್ದು.

"ಅದು ತಮಾಷೆ ಅಲ್ಲ," ಎಂದಳು. "ಅದು ನಮ್ಮ ಕಚೇರಿಯ ಅಧಿಕೃತ ಸ್ಪಷ್ಟನೆ."

ಅವನು ಮಾಡಬಾರದ ಒಂದೇ ಒಂದು ಕೆಲಸ ಮಾಡಿದ. ಬಿದ್ದು ಬಿದ್ದು ನಕ್ಕ. ಅದೂ ಅವಳ ಇನ್ನೊಂದು ಚಟಾಕಿ ಎಂದೇ ತಿಳಿದಿದ್ದ.

ಅವಳ ಕಣ್ಣು ತುಂಬಿದ್ದು ಕಂಡಾಗ ನಗು ನಿಂತಿತು. ಆದರೆ ಆಗಲೇ ತಡವಾಗಿತ್ತು.

*

ನಡೆದದ್ದು ಇಷ್ಟು.

ಅವಳದು ನೀರು ಸರಬರಾಜು ಕಚೇರಿಯಲ್ಲಿ ಪ್ರಕಟಣಾ ಸಹಾಯಕಿಯ ಕೆಲಸ. ಸಂಜೆ ಕಾಲೇಜಿನಲ್ಲಿ ಓದಿ, ಮೂರು ಪರೀಕ್ಷೆ ಬರೆದು ಗಿಟ್ಟಿಸಿಕೊಂಡದ್ದು. ಆರು ತಿಂಗಳು ಪ್ರೊಬೇಷನ್, ಸಾಹೇಬರಿಗೆ ಒಪ್ಪಿಗೆಯಾದರೆ ಆಮೇಲೆ ಕಾಯಂ. ಬೆಳಿಗ್ಗೆ ಎಲ್ಲ ಪತ್ರಿಕೆಗಳನ್ನು ಓದಿ, ಕಚೇರಿಯ ಹೆಸರು ಬಂದಲ್ಲೆಲ್ಲ ಕತ್ತರಿಸಿ, ಹೊಗಳಿಕೆಯನ್ನು ಒಂದು ಫೈಲಿಗೂ ದೂರನ್ನು ಇನ್ನೊಂದಕ್ಕೂ ಅಂಟಿಸಬೇಕು. ಸುಳ್ಳು ಸುದ್ದಿ ಕಂಡರೆ ಸ್ಪಷ್ಟನೆ ಬರೆದು ಪತ್ರಿಕೆಗೆ ಕಳಿಸಬೇಕು. ಸೇರಿದ ಮೂರನೇ ದಿನಕ್ಕೇ ಅವಳಿಗೆ 'ಕತ್ತರಿ' ಎಂದು ಹೆಸರು ಬಿದ್ದಿತ್ತು.

ಊರಲ್ಲಿ ಶನಿವಾರಕ್ಕೊಮ್ಮೆ ಬರುವ ನಗೆ ಪತ್ರಿಕೆಯೊಂದಿತ್ತು. ಅದರಲ್ಲಿ ಒಂದೂ ನಿಜವಾದ ಸುದ್ದಿ ಇರುವುದಿಲ್ಲ. ಅಗ್ಗದ ಹಸಿರು ಕಾಗದದಲ್ಲಿ ಅಚ್ಚಾಗುವುದರಿಂದ ಎಲ್ಲರೂ ಅದನ್ನು 'ಹಸಿರು ಹಾಳೆ' ಎನ್ನುತ್ತಿದ್ದರು. ಹಸಿರು ಕಂಡರೆ ನಗಬೇಕು ಎಂಬುದು ಮಕ್ಕಳಿಗೂ ಗೊತ್ತು.

ಆದರೆ ಅವಳ ಮೇಜಿನ ಮೇಲೆ ಬಿದ್ದದ್ದು ಹಸಿರಾಗಿರಲಿಲ್ಲ. ಹಿರಿಯ ಗುಮಾಸ್ತರು ನಾಲ್ಕು ಜನಕ್ಕೆ ತೋರಿಸಿ ನಗಲೆಂದು ಆ ಸುದ್ದಿಯನ್ನು ಜೆರಾಕ್ಸ್ ಮಾಡಿಸಿದ್ದರು. ಜೆರಾಕ್ಸಿನಲ್ಲಿ ಹಸಿರು ಹೋಗಿ ಬರೀ ಕಪ್ಪು-ಬಿಳುಪು ಉಳಿದಿತ್ತು. ಕೈಯಿಂದ ಕೈಗೆ ಸುತ್ತಿ ಅದು ಅವಳ ಮೇಜಿಗೆ ಬಂತು. ಮೇಜಿಗೆ ಬಂದದ್ದೆಲ್ಲ ಕೆಲಸವೇ ಎಂದು ನಂಬುವ ಹುಡುಗಿ ಅವಳು.

ತಲೆಬರಹ ಹೀಗಿತ್ತು: 'ನಲ್ಲಿಯಲ್ಲಿ ಸತತ ಎರಡು ಗಂಟೆ ನೀರು: ಕಾರಣ ಪತ್ತೆಗೆ ಮೂವರ ಸಮಿತಿ.'

ಅವಳು ಗಾಬರಿಯಾಗಿ ಮೂರು ವಿಭಾಗಗಳಲ್ಲಿ ವಿಚಾರಿಸಿದಳು. ಯಾವ ಸಮಿತಿಯೂ ಇರಲಿಲ್ಲ. ಮಧ್ಯಾಹ್ನದ ಊಟ ಬಿಟ್ಟು, ಒಂದೊಂದು ಪದ ತೂಗಿ ಬರೆದಳು. 'ಇಂಥ ಯಾವುದೇ ಸಮಿತಿಯನ್ನು ರಚಿಸಿರುವುದಿಲ್ಲ. ಅಲ್ಲದೆ ಅಂದು ಸದರಿ ನಲ್ಲಿಯಲ್ಲಿ ನೀರು ಬಂದಿರುವುದಕ್ಕೆ ಈ ಕಚೇರಿಯು ಯಾವುದೇ ರೀತಿಯಲ್ಲಿ ಹೊಣೆಯಾಗಿರುವುದಿಲ್ಲ.' ಕೆಳಗೆ ತನ್ನ ಹುದ್ದೆ ಬರೆದು, ರುಜು ಹಾಕಿ, ಮೊಹರು ಒತ್ತಿ, ಜೆರಾಕ್ಸಿನ ಅಡಿಯಲ್ಲಿದ್ದ ವಿಳಾಸಕ್ಕೆ ಕಳಿಸಿದಳು.

ಹಸಿರು ಹಾಳೆ ಒಂದಕ್ಷರವನ್ನೂ ಬದಲಾಯಿಸದೆ ಮೊದಲ ಪುಟದಲ್ಲೇ ಹಾಕಿತು.

ಆ ಶನಿವಾರ ಮನೆಯಲ್ಲಿ ಭಾವ ಅದನ್ನು ಗಟ್ಟಿಯಾಗಿ ಓದಿದರು. ಅವಳು ಇದ್ದದ್ದು ಅಕ್ಕನ ಮನೆಯಲ್ಲಿ. ನಡುಮನೆಯ ಮೂಲೆಯೇ ಅವಳ ಕೋಣೆ. ಭಾವನಿಗೆ ವಾರಕ್ಕೊಮ್ಮೆ ಹಸಿರು ಹಾಳೆ ಓದಿ ಕೆಮ್ಮು ಬರುವಷ್ಟು ನಗದಿದ್ದರೆ ಆಗದು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತಲ್ಲೇ," ಎಂದು ಅಕ್ಕನಿಗೆ ಹೇಳಿ ಕಣ್ಣೊರೆಸಿಕೊಂಡರು. "ಇದನ್ನ ಬರೆದ ಪುಣ್ಯಾತ್ಗಿತ್ತಿ ಯಾರೋ, ಸಿಕ್ಕಿದ್ರೆ ಕಾಲಿಗೆ ಬೀಳ್ತಿದ್ದೆ."

ಪುಣ್ಯಾತ್ಗಿತ್ತಿ ಮೂಲೆಯಲ್ಲಿ ಕೂತು ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು. ನೆಲ ಬಿರಿದು ತನ್ನನ್ನು ಒಳಗೆ ಎಳೆದುಕೊಳ್ಳಬಾರದೇ ಎನ್ನಿಸಿತು.

*

ಆ ಸೋಮವಾರ ಅವಳು ಅವನ ಮುಂದೆ ಇಟ್ಟ ಬೇಡಿಕೆ ಒಂದೇ. ತಿದ್ದುಪಡಿ ಹಾಕಬೇಕು.

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಯಾರೋ ರಸಿಕ ಓದುಗರು ಕಚೇರಿಯ ಭಾಷೆಯನ್ನು ಅಣಕಿಸಿ ಬರೆದದ್ದೆಂದು ತಿಳಿದೆ, ಮೊಹರು ಕೂಡ ನಕಲಿ ಎಂದುಕೊಂಡೆ ಎಂದ. ಆ ಓದುಗರನ್ನು ಹುಡುಕಿ ಕೆಲಸಕ್ಕೆ ಕರೆಯಬೇಕೆಂದು ಬರೆದಿಟ್ಟ ಕಾಗದವನ್ನೂ ತೋರಿಸಿದ. ತಿದ್ದುಪಡಿ ಹಾಕುವುದಕ್ಕೆ ತನ್ನ ಅಡ್ಡಿಯಿಲ್ಲ, ಆದರೆ ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗುತ್ತದೆ ಎಂದು ಎಚ್ಚರಿಸಿದ.

ಅವಳು ಕೇಳಲಿಲ್ಲ. ಅವನು ಹಾಕಿದ. 'ಕಳೆದ ವಾರ ಪ್ರಕಟವಾದ ಸ್ಪಷ್ಟನೆಯು ನಿಜವಾದದ್ದು ಎಂದು ಈ ಮೂಲಕ ಸ್ಪಷ್ಟಪಡಿಸುತ್ತೇವೆ.'

ಭಾವ ಆ ಶನಿವಾರ ನಕ್ಕ ರಭಸಕ್ಕೆ ಅಕ್ಕ ನೀರು ತಂದು ಕೊಡಬೇಕಾಯಿತು.

ಸಾಹೇಬರು ಅವಳನ್ನು ಕರೆದು ಹೆಚ್ಚೇನೂ ಬಯ್ಯಲಿಲ್ಲ. ಕಾಯಂ ಮಾಡುವ ಕಡತ ತಮ್ಮ ಮೇಜಿನ ಮೇಲೇ ಇದೆ, ಇನ್ನೊಂದು ಸಲ ಕಚೇರಿಯ ಮಾನ ಹೋದರೆ ಅದು ಮೇಲೆ ಹೋಗುವುದಿಲ್ಲ ಎಂದರು. ಇನ್ನು ಮುಂದೆ ಪ್ರತಿ ಬುಧವಾರ ಆ ಪತ್ರಿಕೆಗೆ ಹೋಗಿ, ಏನು ಅಚ್ಚಾಗಲಿದೆ ಎಂದು ಮೊದಲೇ ನೋಡಿಕೊಂಡು ಬರಬೇಕೆಂದರು. ಬಿಸಿ ತುಪ್ಪ ಬಾಯಲ್ಲಿಟ್ಟಂತಾಯಿತು ಅವಳಿಗೆ. ಯಾರ ಮುಖ ನೋಡಬಾರದು ಅಂದುಕೊಂಡಿದ್ದಳೋ ಅವನನ್ನೇ ವಾರಕ್ಕೊಮ್ಮೆ ನೋಡಬೇಕು.

ಮೊದಲ ಬುಧವಾರ ಅವಳು ಕೂರಲೂ ಇಲ್ಲ. ಹಗ್ಗದ ಕೆಳಗೆ ನಡೆಯುತ್ತ ಒಂದೊಂದೇ ಚೀಟಿಯನ್ನು ತನಿಖಾಧಿಕಾರಿಯ ಹಾಗೆ ಓದಿದಳು. ವಾರಕ್ಕೆ ಮೂವತ್ತು ತಲೆಬರಹ ಕಟ್ಟುತ್ತಾನೆ, ಎಂಟು ಉಳಿಯುತ್ತವೆ. ಉಳಿಯುವುದು ಯಾವುದೆಂದು ತೀರ್ಮಾನಿಸುವವರು ಕೆಳಗಿನ ಬೈಂಡಿಂಗ್ ಅಕ್ಕ. ಅವನು ಮೆಟ್ಟಿಲ ಮೇಲಿಂದ ಓದಿ ಹೇಳುತ್ತಾನೆ. ಅವರು ಕೂಡಲೇ ನಕ್ಕರೆ ಚೀಟಿ ಬುಟ್ಟಿಗೆ. ಕೈಯಲ್ಲಿ ಗೋಂದಿನ ಬ್ರಷ್ ಹಿಡಿದು "ಹೌದಾ? ಯಾವಾಗ?" ಎಂದು ಕೇಳಿದರೆ ಅದು ಪುಟಕ್ಕೆ.

"ನಗಿಸೋಕೆ ಯಾರ್ ಬೇಕಾದ್ರೂ ನಗಿಸ್ತಾರೆ," ಎಂದ ಅವನು. "ಒಂದು ಗಳಿಗೆ ನಂಬಿಸಬೇಕು."

'ನನ್ನನ್ನು ನಂಬಿಸಿದ ಹಾಗೆ,' ಎಂದುಕೊಂಡಳು ಅವಳು. ಬಾಯಿಬಿಟ್ಟು ಹೇಳಲಿಲ್ಲ.

ಎರಡನೇ ಬುಧವಾರ ಒಂದು ಚೀಟಿ ಅವಳನ್ನು ಸೋಲಿಸಿತು. 'ಫೋನ್ ಎತ್ತಿದ ಸಹಾಯವಾಣಿ: ಕರೆ ಮಾಡಿದವರಿಗೆ ಆಘಾತ, ಆರೋಗ್ಯ ಸ್ಥಿರ.' ನಗು ತಡೆಯಲು ಕೆಮ್ಮಿದಳು. ಪಕ್ಕದ ಚೀಟಿ ಇನ್ನೂ ಮೋಸ ಮಾಡಿತು. 'ಹಿಂದಿನ ಸಭೆ ಯಾಕೆ ಕರೆದಿದ್ದರೆಂದು ತಿಳಿಯಲು ನಾಳೆ ಸಭೆ.' ಅಂಥದೇ ಒಂದು ಸಭೆಯಲ್ಲಿ ಅವಳೇ ಕೂತಿದ್ದಳು! ಕೆಮ್ಮು ಸಾಲದೆ ನಗು ಹೊರಗೆ ಬಂದುಬಿಟ್ಟಿತು.

ಅವನು ತಿರುಗಿ ನೋಡಲಿಲ್ಲ. ಅವನ ಬೆನ್ನಿಗೆ ಮಾತ್ರ ಖುಷಿಯಾದಂತೆ ಕಂಡಿತು.

ಆಮೇಲೆ ಬುಧವಾರಗಳು ಉದ್ದವಾದವು. ಅವನು ಕೇಳಿದ, ಅವಳು ಹೇಳಿದಳು. ಅವಳ ಹತ್ತಿರ ಮೂರನೇ ಫೈಲೊಂದಿತ್ತು. ಕಚೇರಿಗೆ ಸಂಬಂಧವೇ ಇಲ್ಲದ, ಕತ್ತರಿಸಲೇಬೇಕೆನಿಸಿದ ಹಸಿರು ತುಂಡುಗಳನ್ನು ಈಚೆಗೆ ಅದರಲ್ಲಿ ಅಂಟಿಸುತ್ತಿದ್ದಳು. 'ಚಿಕ್ಕಪ್ಪನ ಸಲಹೆ ಕೇಳದೆ ಉದ್ಧಾರವಾದ ಯುವಕ, ಚಿಕ್ಕಪ್ಪನಿಗೆ ಬೇಸರ.' 'ಸುಮ್ಮನಿದ್ದ ಗಂಡನಿಗೆ ಸುಮ್ಮನಿರಲು ಸೂಚನೆ. ಇದಕ್ಕಿಂತ ಸುಮ್ಮನಿರಲು ಸಾಧ್ಯವಿಲ್ಲವೆಂದ ಪತಿ.'

"ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು?"

ಅವಳು ಹಿಂದೆ ಮುಂದೆ ನೋಡಿದಳು. ಅದಕ್ಕೆ ಯಾರೂ ನಕ್ಕಿರಲಿಲ್ಲ. ಭಾವ ಓದದೆ ದಾಟಿಸಿದ್ದರು. "'ಎಲ್ಲ ಸರಿಯಿದೆ ಎಂದ ಮಹಿಳೆ, ಮತ್ತೆ ಯಾರೂ ಕೇಳಲಿಲ್ಲ.' ಒಂದು ಮೂಲೆಯಲ್ಲಿ ಚಿಕ್ಕದಾಗಿ ಹಾಕಿದ್ರಿ..."

ಅವನು ಕೈಯಲ್ಲಿದ್ದ ಕ್ಲಿಪ್ಪನ್ನು ಒತ್ತುತ್ತ, ಬಿಡುತ್ತ ಕೂತ.

"ಅದು ನಮ್ಮಮ್ಮ," ಎಂದ. "ನಾನೂ ಕೇಳಲಿಲ್ಲ. ಕೇಳೋಣ ಅನ್ನಿಸೋ ಹೊತ್ತಿಗೆ ಅಮ್ಮ ಇರಲಿಲ್ಲ. ಬೇರೆ ಥರ ಹೇಳೋಕೆ ನನಗೆ ಬರೋದಿಲ್ಲ. ಎಲ್ಲಾನೂ ಒಂದು ಸಾಲು ಮಾಡಿ ಬಿಟ್ಬಿಡ್ತೀನಿ."

ಅವಳು ಅವನ ಕೈಯಿಂದ ಕ್ಲಿಪ್ ತೆಗೆದು ಮೇಜಿನ ಮೇಲಿಟ್ಟಳು. ಬೆರಳಿಗೆ ಬೆರಳು ತಾಕಿತು. ಇಬ್ಬರೂ ಆ ಕ್ಲಿಪ್ಪನ್ನೇ ನೋಡುತ್ತ ಕೂತರು.

ಆ ದಿನದಿಂದ ಅವಳ ನೆಮ್ಮದಿ ಹೋಯಿತು. ಸೋಮವಾರಕ್ಕೇ ಬುಧವಾರದ ಸೀರೆ ಯಾವುದೆಂದು ಯೋಚನೆ. ಪತ್ರಿಕೆ ಕತ್ತರಿಸುವಾಗ ಗೆರೆ ತಪ್ಪಿ ಅಕ್ಷರಕ್ಕೇ ಕತ್ತರಿ. 'ಅವನು ನನ್ನ ಜೊತೆ ಮಾತಾಡುವಾಗ ಮಾತಾಡುತ್ತಾನೋ, ಸಾಲು ಹುಡುಕುತ್ತಾನೋ? ಹನ್ನೊಂದು ವರ್ಷ ಬರೀ ಸುಳ್ಳು ಬರೆದವನ ಬಾಯಲ್ಲಿ ನಿಜ ಬಂದರೆ ಗುರುತು ಹಿಡಿಯುವುದು ಹೇಗೆ?'

*

ಐದನೇ ತಿಂಗಳು ಹೊಸ ನೀರಿನ ಟ್ಯಾಂಕಿನ ಉದ್ಘಾಟನೆ ಬಂತು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ. ಟ್ಯಾಂಕ್ ಕಟ್ಟಿ ಮುಗಿದಿತ್ತು, ಪೈಪು ಮಾತ್ರ ಇನ್ನೂ ಬಂದಿರಲಿಲ್ಲ. ದಿನ ಮುಂದೂಡುವ ಹಾಗಿಲ್ಲ. ಸಾಹೇಬರು ಐದಾರು ಜನರನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, ಲಾರಿಗಳಲ್ಲಿ ನೀರು ತರಿಸಿ ಟ್ಯಾಂಕಿಗೆ ತುಂಬುವುದೆಂದು ಹೇಳಿದರು. ಹೊರಗೆ ಯಾರೂ ಬಾಯಿ ಬಿಡಬಾರದು. ಆ ಐದಾರು ಜನರಲ್ಲಿ ಅವಳೂ ಒಬ್ಬಳು.

ಆ ಗಡಿಬಿಡಿಯಲ್ಲಿ ಬುಧವಾರ ಹಸಿರು ಹಾಳೆಯ ಕಡೆ ಹೋಗಲಾಗಲಿಲ್ಲ. ಗುರುವಾರ ಸಂಜೆ ಹೋದಳು. ಕೆಲಸಕ್ಕಲ್ಲ, ಸುಮ್ಮನೆ. ಟೀ ಕುಡಿಯುತ್ತ ಕೂತಾಗ ಎದೆಯ ಮೇಲಿದ್ದ ಕಲ್ಲು ತಾನಾಗಿ ಜಾರಿತು. ಆಹ್ವಾನ ಪತ್ರಿಕೆಗೆ 'ಸಮೃದ್ಧ ನೀರು' ಎಂದು ಬರೆದವಳು ತಾನೇ, ನೀರು ಬರುವುದು ಲಾರಿಯಲ್ಲಿ ಎಂದಳು.

ಅವನ ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ.

"ಯಾರಿಗೂ ಹೇಳಬೇಡಿ," ಎಂದಳು ಅವಳು.

"ನಾನು ಹೇಳೋದಿಲ್ಲ," ಎಂದ. ಟೀ ಲೋಟ ಅವನ ಕೈಯಲ್ಲೇ ಆರಿತು.

ಶನಿವಾರ ಭಾವ ಎಂದಿನಂತೆ ಹಸಿರು ಹಾಳೆ ಬಿಡಿಸಿದರು. ಅವಳು ಮೂಲೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು.

"'ಹೊಸ ಟ್ಯಾಂಕ್ ಉದ್ಘಾಟನೆ ಯಶಸ್ವಿ: ಲಾರಿಯಲ್ಲಿ ಬಂದ ನೀರು ಅದೇ ಲಾರಿಯಲ್ಲಿ ವಾಪಸ್.'"

ಬಾಚಣಿಗೆ ಕೂದಲಲ್ಲೇ ನಿಂತಿತು. ಭಾವ ನಗುತ್ತಲೇ ಇದ್ದರು. ಅವಳ ಕಿವಿಗೆ ಏನೂ ಕೇಳಲಿಲ್ಲ. 'ನಾನು ಹೇಳೋದಿಲ್ಲ' ಎಂದವನು ಹೇಳಿರಲಿಲ್ಲ. ಅಚ್ಚು ಹಾಕಿದ್ದ! ತನ್ನ ಎದೆಯೊಳಗಿನದನ್ನೂ ಅವನು ಒಂದು ಸಾಲು ಮಾಡಿಬಿಟ್ಟ...

*

ಸೋಮವಾರ ಮೇಜಿನ ಮೇಲೆ ಮೆಮೊ ಕಾದಿತ್ತು. ಬಾಗಿಲು ಹಾಕಿ ಹೇಳಿದ ಮಾತು ಹೊರಗೆ ಹೋದದ್ದು ಹೇಗೆ? ಆ ಪತ್ರಿಕೆಯ ಜೊತೆ ಒಡನಾಟ ಇರುವುದು ನಿಮಗೊಬ್ಬರಿಗೇ. ಮೂರು ದಿನದಲ್ಲಿ ಉತ್ತರ ಕೊಡಿ, ಇಲ್ಲದಿದ್ದರೆ ಕೆಲಸದಿಂದ ಬಿಡುಗಡೆ.

ಹನ್ನೆರಡು ಗಂಟೆಗೆ ಅವನೇ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈಯಲ್ಲಿ ಬಿಳಿ ಹಾಳೆ ಹಿಡಿದು ಸಾಹೇಬರ ಮುಂದೆ ನಿಂತು ಓದಿದ. ಆ ತಲೆಬರಹ ತನ್ನ ಸ್ವಂತ ಕಲ್ಪನೆ, ಗುರುವಾರ ಮಧ್ಯಾಹ್ನವೇ ಅಚ್ಚಾಗಿತ್ತು, ಯಾರೂ ತನಗೆ ಏನೂ ಹೇಳಿ ಬರೆಸಿದ್ದಲ್ಲ.

ಸಾಹೇಬರು ಕನ್ನಡಕ ತೆಗೆದರು. "ಇದು ಮುಂದಿನ ವಾರಕ್ಕಾ?"

ಬಾಗಿಲಲ್ಲಿ ನಿಂತಿದ್ದ ಜವಾನ ಮೊದಲು ನಕ್ಕ. ಹಿರಿಯ ಗುಮಾಸ್ತರು ನಕ್ಕರು. 'ಸ್ವಂತ ಕಲ್ಪನೆಯಂತೆ' ಎಂದು ಯಾರೋ ಹಿಂದಿನಿಂದ ಹೇಳಿದರು, ಇನ್ನೊಂದು ಅಲೆ ನಗು ಎದ್ದಿತು. ಅವನು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದುಬಿಟ್ಟ.

ಮೆಟ್ಟಿಲ ತಿರುವಿನಲ್ಲಿ ಅವಳು ಅಡ್ಡ ನಿಂತಳು.

"ನನ್ನ ಹೊಟ್ಟೆ ಮೇಲೆ ಹೊಡೆದು ಈಗ ನಾಟಕ ಬೇರೆನಾ?"

"ನೀವು ಹೇಳೋ ಹೊತ್ತಿಗೆ ಅದು ಅಚ್ಚಾಗಿ ಹೋಗಿತ್ತು," ಎಂದ ಅವನು. "ಆಗಲೇ ಹೇಳಬೇಕಿತ್ತು. ಹೇಳಲಿಲ್ಲ."

"ಯಾಕೆ?"

"ನೀವು ಮತ್ತೆ ಬರೋದಿಲ್ಲ ಅಂತ."

ಅವಳಿಗೆ ಅದೂ ಚೆನ್ನಾಗಿ ಕಟ್ಟಿದ ಒಂದು ಸಾಲಿನ ಹಾಗೇ ಕೇಳಿತು. ದಾರಿ ಬಿಟ್ಟಳು. ಅವನು ಇಳಿದು ಹೋದ.

ಮಂಗಳವಾರ ಪೂರ್ತಿ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೆಮೊಗೆ ಉತ್ತರ ಬರೆಯಲು ಕೂತು ಏಳು ಹಾಳೆ ಹರಿದಳು. 'ನಾನು ಯಾರಿಗೂ ಹೇಳಿಲ್ಲ' ಎಂದು ಬರೆದರೆ ಕೆಲಸ ಉಳಿಯಬಹುದು. ಸಾಕ್ಷಿ ಯಾರಿದ್ದಾರೆ? ಆದರೆ ಹೇಳಿದ್ದಳಲ್ಲ... ಪೆನ್ನು ಮುಂದೆ ಹೋಗಲಿಲ್ಲ.

ಕೊನೆಗೆ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಸುದ್ದಿಯನ್ನು ಎರಡು ತುಂಡು ಮಾಡಿ, ಯಾವುದು ನಿಜ ಯಾವುದು ಸುಳ್ಳು ಎಂದು ಒಂದೊಂದಾಗಿ ವಿಚಾರಿಸುವುದು. ಲಾರಿಯಲ್ಲಿ ನೀರು ಬಂದದ್ದು ನಿಜ. ವಾಪಸ್ ಹೋದದ್ದು ಸುಳ್ಳು, ಅವನು ಸೇರಿಸಿದ ಒಗ್ಗರಣೆ. ಕನಿಷ್ಠ ಅದನ್ನಾದರೂ ಅಲ್ಲಗಳೆಯಬಹುದು. ಹಾಗೆ ಬರೆಯುವ ಮೊದಲು, ಹಳೆಯ ಪಾಠ ನೆನಪಾಗಿ, ಬುಧವಾರ ಬೆಳಿಗ್ಗೆ ಟ್ಯಾಂಕಿನ ಹತ್ತಿರ ಹೋಗಿ ವಾಲ್ವ್ ತಿರುಗಿಸುವ ಮುದುಕರನ್ನು ಕೇಳಿದಳು.

"ಸುಳ್ಳೆಲ್ಲಿ ಬಂತು ತಾಯಿ?" ಎಂದರು ಅವರು. "ವಾಪಸ್ ಒಯ್ದರಲ್ಲ. ನಾನೇ ಪೈಪು ಹಿಡಿದಿದ್ದೆ."

ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ, ಅತಿಥಿಗಳೆಲ್ಲ ಹೋದ ಮೇಲೆ, ಒಂದು ಆಸ್ಪತ್ರೆಯಿಂದ ಫೋನ್ ಬಂದಿತ್ತಂತೆ. ಅಲ್ಲಿಗೆ ಬರುವ ದೊಡ್ಡ ಪೈಪು ಒಡೆದಿತ್ತು. ಸಾಹೇಬರು ಅಲ್ಲೇ ನಿಂತು, ಟ್ಯಾಂಕಿನ ನೀರನ್ನು ಅದೇ ಲಾರಿಗಳಿಗೆ ತುಂಬಿಸಿ ಕಳಿಸಿದರಂತೆ. ಒಳ್ಳೆಯ ಕೆಲಸವೇ. ಆದರೆ ಹೇಳಿಕೊಳ್ಳಲು ನಾಚಿಕೆ.

ಅವಳು ಟ್ಯಾಂಕಿನ ಕಂಬ ಹಿಡಿದು ನಿಂತಳು.

ಶುಕ್ರವಾರ ಎರಡು ಗಂಟೆಯ ತನಕ ನೀರು ವಾಪಸ್ ಹೋಗುತ್ತದೆಂದು ಸಾಹೇಬರಿಗೇ ಗೊತ್ತಿರಲಿಲ್ಲ. ಹಸಿರು ಹಾಳೆ ಗುರುವಾರವೇ ಮುದ್ರಣಕ್ಕೆ ಹೋಗುತ್ತದೆ. ತಾನು ಅವನಿಗೆ ಹೇಳಿದ್ದು ನೀರು ಬರುವುದನ್ನು ಮಾತ್ರ. ಅಂದರೆ ವಾಪಸ್ ಹೋಗುವುದನ್ನು ಕಲ್ಪಿಸಿಕೊಂಡವನು ಬರುವುದನ್ನೂ ಹಾಗೇ ಕಲ್ಪಿಸಿಕೊಂಡಿದ್ದ, ಎಲ್ಲಿಂದಲೂ ಕದ್ದಿರಲಿಲ್ಲ. ಸುಳ್ಳು ಬರೆದಿದ್ದ. ಪ್ರಾಮಾಣಿಕವಾದ, ಅಪ್ಪಟ ಸುಳ್ಳು. ಅದನ್ನು ನಿಜ ಮಾಡಿದ್ದು ತನ್ನ ಕಚೇರಿ.

'ಮತ್ತೆ ಮೆಟ್ಟಿಲ ಮೇಲೆ ಅವನು ಹೇಳಿದ್ದು...? ಅದೂ ನಿಜವಾ?'

ಕಂಬ ಬಿಟ್ಟು ಬಸ್ಸಿನ ಕಡೆ ಓಡಿದಳು.

ಕಚೇರಿಗೆ ಬಂದು ಒಂದೇ ಉಸಿರಿಗೆ ಉತ್ತರ ಬರೆದಳು. ನಡೆದದ್ದನ್ನು ಗಂಟೆ ಸಮೇತ ಬರೆದಳು. ಇನ್ನೂ ನಡೆಯದೆ ಇದ್ದದ್ದನ್ನು ಯಾರೂ ಹೊರಗೆ ಬಿಡಲು ಸಾಧ್ಯವಿಲ್ಲ ಎಂದು ಬರೆದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. 'ಆದರೆ ಗುರುವಾರ ಸಂಜೆ ಲಾರಿಯ ವಿಷಯವನ್ನು ನಾನು ಒಬ್ಬರಿಗೆ ಹೇಳಿದ್ದು ನಿಜ. ಅಚ್ಚಾದ ಮೇಲೆ ಹೇಳಿದೆನಾದರೂ ಹೇಳಿದ್ದು ತಪ್ಪು.' ಮೊಹರು ಒತ್ತಿ ಕೊಟ್ಟಳು.

ಹಿರಿಯ ಗುಮಾಸ್ತರು ಓದಿ ತಲೆ ಚಚ್ಚಿಕೊಂಡರು. ಕೊನೆಯ ಎರಡು ಸಾಲು ಯಾರು ಕೇಳಿದ್ದರು ನಿನ್ನ ಎಂದರು. ಅವಳು ಚೀಲ ತೆಗೆದುಕೊಂಡು ಹೊರಟಾಗಿತ್ತು.

*

ಬೈಂಡಿಂಗ್ ಅಕ್ಕ ಅವಳನ್ನು ಕಂಡು ಬ್ರಷ್ ಕೆಳಗಿಟ್ಟರು. "ಹೋಗು ತಂಗಿ. ಮೂರು ದಿನದಿಂದ ಮೇಲಿಂದ ಒಂದು ಸಾಲೂ ಕೂಗಿಲ್ಲ ಪುಣ್ಯಾತ್ಮ. ನನಗೂ ಕೆಲಸ ಸಾಗ್ತಿಲ್ಲ."

ಹಗ್ಗ ಖಾಲಿಯಿತ್ತು. ಅವನು ಕಿಟಕಿಯ ಹತ್ತಿರ ಕೂತಿದ್ದ. ಅವಳನ್ನು ನೋಡಿ ಎದ್ದು ನಿಂತ.

ಅವಳು ವಾಲ್ವಿನ ಮುದುಕರು ಹೇಳಿದ್ದನ್ನೆಲ್ಲ ಹೇಳಿದಳು. ನಿಂತುಕೊಂಡೇ, ಅವನ ಮುಖ ನೋಡದೆ. ನೀವು ಕದ್ದಿಲ್ಲವೆಂದು ಗೊತ್ತಾಯಿತು, ಅಷ್ಟು ಮಾತಾಡಿದ್ದು ನನ್ನ ತಪ್ಪು ಎಂದಳು. ಆಮೇಲೆ ಮುಖ ನೋಡಿದಳು. ಕೋಪ ಇನ್ನೂ ಇತ್ತು.

"ಆದ್ರೆ ಗುರುವಾರ ಸಂಜೆಯಿಂದ ಶನಿವಾರದ ತನಕ ನೀವು ಬಾಯಿ ಬಿಡಲಿಲ್ಲ. ಮೊದಲೇ ಗೊತ್ತಿದ್ರೆ ನಾನು ಸಾಹೇಬರಿಗೆ ಹೇಳಿಕೊಳ್ಳಬಹುದಿತ್ತು."

"ಹೌದು," ಎಂದ.

ಅವಳು ಕಾದಳು. ಏನಾದರೂ ಚಟಾಕಿ ಬರಬಹುದೆಂದು ಮನಸ್ಸು ಗಟ್ಟಿ ಮಾಡಿಕೊಂಡಳು. ಬರಲಿಲ್ಲ.

"ಅಂಜಿಕೊಂಡೆ," ಎಂದ. "ನಿಮಗೆ ತೊಂದರೆ ಆಗುತ್ತೆ ಅಂತ ಗೊತ್ತಿದ್ದೂ ಅಂಜಿಕೊಂಡೆ. ಮೆಟ್ಟಿಲ ಮೇಲೆ ಹೇಳಿದ್ದು ನಿಜ. ನೀವು ಬರದೆ ಇರೋದು ನನಗೆ ಬೇಡ. ಬುಧವಾರ ಮಾತ್ರ ಅಲ್ಲ... ಯಾವತ್ತೂ ಬೇಡ. ನಿಮ್ಮನ್ನ ಇಷ್ಟಪಡ್ತೀನಿ. ಇದನ್ನ ಹೇಗೆ ಹೇಳಿದ್ರೆ ನೀವು ನಂಬ್ತೀರೋ ನನಗೆ ಗೊತ್ತಿಲ್ಲ. ಮೂರು ದಿನದಿಂದ ಕೂತು ನೋಡ್ದೆ. ಚೆನ್ನಾಗಿ ಬರ್ತಿಲ್ಲ."

ನಿಜಕ್ಕೂ ಚೆನ್ನಾಗಿ ಬಂದಿರಲಿಲ್ಲ. ಉದ್ದವಾಗಿತ್ತು, ತಡವರಿಸಿತ್ತು. ಯಾವ ಪತ್ರಿಕೆಯೂ ಅದನ್ನು ತಲೆಬರಹ ಮಾಡುತ್ತಿರಲಿಲ್ಲ. ಅವಳಿಗೆ ಕೂರಬೇಕೆನಿಸಿತು. ಕೂತಳು.

"ಮೊನ್ನೆ ಸಾಹೇಬರ ಮುಂದೆ ಅವರು ನಕ್ಕ ಕೂಡಲೇ ಯಾಕೆ ಹೊರಗೆ ಬಂದ್ರಿ?"

"ನಕ್ಕುಬಿಟ್ರಲ್ಲ. ಇನ್ನೇನು ಉಳೀತು?"

"ನಮ್ಮ ಭಾವನ ಹತ್ತಿರ ಬಂದು ಈಗ ಹೇಳಿದ್ದನ್ನ ಹೇಳ್ತೀರಾ?"

ಅವನು ಬೆಚ್ಚಿದ. "ನಿಮ್ಮ ಭಾವ... ನನ್ನ ಪತ್ರಿಕೆ ಓದ್ತಾರೆ ಅಂದಿದ್ರಿ. ನಾನ್ಯಾರು ಅಂತ ಗೊತ್ತಾದ ಕೂಡಲೇ ನಗ್ತಾರೆ."

"ನಗಲಿ," ಎಂದಳು ಅವಳು. "ಅಲ್ಲೇ ನಿಂತು ಇನ್ನೊಂದು ಸಲ ಹೇಳಿ."

"ಆಗಲೂ ನಕ್ಕರೆ?"

"ಮತ್ತೊಂದು ಸಲ. ತಮಾಷೆಯನ್ನ ಯಾರೂ ಮೂರು ಸಲ ಹೇಳೋದಿಲ್ಲ."

ಅವನು ಅವಳನ್ನೇ ನೋಡಿದ. ಅವನ ಕಣ್ಣಂಚು ಒದ್ದೆಯಾಗಿತ್ತು.

"ನೀವು?" ಎಂದು ಕೇಳಿದ, ಬಹಳ ಮೆಲ್ಲಗೆ. "ನೀವೇನೂ ಹೇಳಲಿಲ್ಲ."

ಅವಳ ಕೈ ಅಭ್ಯಾಸದಂತೆ ಚೀಲದ ಜಿಪ್ಪಿಗೆ ಹೋಯಿತು. ಆ ಕೈಯನ್ನು ಅಲ್ಲಿಂದ ತೆಗೆದು ಅವನ ಅಂಗೈಯಲ್ಲಿಟ್ಟಳು.

"ನನಗೂ ಇಷ್ಟ," ಎಂದಳು. "ಲಿಖಿತವಾಗಿ ಮಾತ್ರ ಕೇಳಬೇಡಿ."

*

ಭಾನುವಾರ ಅವನು ಅಕ್ಕನ ಮನೆಗೆ ಬಂದ. ಭಾವ ಮೊದಲ ಸಲ ನಕ್ಕರು, ಎರಡನೇ ಸಲ ಅಕ್ಕನ ಮುಖ ನೋಡಿದರು, ಮೂರನೇ ಸಲ ಕುರ್ಚಿ ಎಳೆದು ಕೊಟ್ಟರು. ಸ್ಪಷ್ಟನೆ ಬರೆದವಳು ನಾದಿನಿಯೇ ಎಂದು ತಿಳಿದದ್ದೂ ಆಗಲೇ. ಕಾಲಿಗೆ ಬೀಳುವ ಮಾತನ್ನು ಅಕ್ಕ ನೆನಪಿಸಿದಾಗ, ಮೊಣಕಾಲು ನೋವಿನ ನೆಪ ಹೇಳಿದರಂತೆ.

ಸಾಹೇಬರು ಅವಳ ಉತ್ತರದ ಕೆಳಗೆ ಒಂದೇ ಸಾಲು ಬರೆದರು. 'ಪರಿಶೀಲಿಸಿದೆ. ಪ್ರೊಬೇಷನ್ ಆರು ತಿಂಗಳು ಮುಂದುವರಿಸಿದೆ.' ಕೆಲಸ ಹೋಗಲಿಲ್ಲ, ಕಾಯಂ ಕೂಡ ಆಗಲಿಲ್ಲ. ಅವರು ಅವಳ ನಿಜವನ್ನು ನಂಬಿ ಹಾಗೆ ಬರೆದರೋ, ಬಿಡುಗಡೆ ಮಾಡಿದರೆ ಮುಂದಿನ ಶನಿವಾರ ಹಸಿರು ಕಾಗದದಲ್ಲಿ ಏನು ಬರುತ್ತದೋ ಎಂದು ಹೆದರಿ ಬರೆದರೋ, ಅದು ಅವಳಿಗೂ ಗೊತ್ತಿಲ್ಲ, ಇದನ್ನು ಹೇಳಿದವರಿಗೂ ಗೊತ್ತಿಲ್ಲ.